ತುರೋಬೋವ್ ಪರಿಣಾಮ

ಮತ ಎಣಿಸುವ ಮುಂಚೆ ಅಕ್ಕಿ ಹಾಕುವ ಪದ್ಧತಿ ತಾಷ್ಕೆಂತಿನ ಆ ಸಂಸ್ಥೆಯಲ್ಲಿ ಯಾವಾಗ ಶುರುವಾಯಿತೋ ಯಾರಿಗೂ ನೆನಪಿಲ್ಲ. ಡಾಕ್ಟರ್ ಪದವಿಗೆ ಪ್ರಬಂಧ ಮಂಡಿಸುವವನು ಮೇಲೆ ಸಭಾಂಗಣದಲ್ಲಿ ಬಣ್ಣದ ಚಿತ್ರ ತೋರಿಸಲು ಎದ್ದು ನಿಂತಾಗ ಕೆಳಗೆ ಹಿತ್ತಲಿನ ಕಜಾನ್ ಕಡಾಯಿಯಲ್ಲಿ ಈರುಳ್ಳಿ ಕೆಂಪಾಗುತ್ತಿರುತ್ತದೆ. ಪ್ರಶ್ನೋತ್ತರದ ಹೊತ್ತಿಗೆ ಮಾಂಸ ಬೆಂದು ಹಳದಿ ಗಜ್ಜರಿ ಬೀಳುತ್ತದೆ. ಚರ್ಚೆ ಮುಗಿಯಿತೆಂದರೆ ಅಕ್ಕಿ. ಮತದ ಫಲಿತಾಂಶವೂ ಓಶ್ ಎಂಬ ಮಾಂಸದನ್ನದ ಊಟವೂ ಒಟ್ಟಿಗೇ ಹದಕ್ಕೆ ಬರಬೇಕು, ಅಡುಗೆಯವನ ಹೆಚ್ಚುಗಾರಿಕೆ ಇರುವುದೇ ಅಲ್ಲಿ. ಇದೇನು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತಲ್ಲ ಎಂದು ಕೇಳುವವರಿಲ್ಲ. ಆ ಸಂಸ್ಥೆಯಲ್ಲಿ ಕೂಸು ಹುಟ್ಟದೇ ಹೋದದ್ದು ಇಲ್ಲವೇ ಇಲ್ಲ. ಇಂಥ ಊಟ ಹಾಕಕೂಡದೆಂದು ಮೇಲಿನಿಂದ ಕಟ್ಟಪ್ಪಣೆ ಬಂದ ಮೇಲೆ ಅದಕ್ಕೆ ಹೆಸರು ಮಾತ್ರ ಬದಲಾಯಿತು. ಈಗ ಅದು ಯಾರದೋ ಮನೆಯ ಸುನ್ನತಿ ಊಟ. ಹೋದ ಸಲ ಸುನ್ನತಿ ಊಟ ಹಾಕಿಸಿದ ಮಹಾಶಯನಿಗೆ ಇದ್ದವರೆಲ್ಲ ಹೆಣ್ಣುಮಕ್ಕಳು, ಒಬ್ಬಳಿಗೂ ಇನ್ನೂ ಮದುವೆಯಾಗಿರಲಿಲ್ಲ.

ಈ ಊಟಕ್ಕೆ ಕೂರದವರು ಒಬ್ಬರೇ, ನಿಜೋಮಿದ್ದೀನ್ ವಹೀದೋವ್ ದೋಮ್ಲಾ. ದೋಮ್ಲಾ ಎಂದರೆ ಮೇಷ್ಟ್ರು. ಘನವಸ್ತುಗಳು ಹೇಗೆ ಬಾಗುತ್ತವೆ, ಹೇಗೆ ಬಿರಿಯುತ್ತವೆ, ಯಾವಾಗ ಮುರಿಯುತ್ತವೆ ಎನ್ನುವುದರಲ್ಲೇ ಅವರ ತಲೆ ಬೆಳ್ಳಗಾಗಿತ್ತು. ಪದವಿ ಮಂಡಲಿಯಲ್ಲಿ ಅವರದು ಹಿರಿಯ ಕುರ್ಚಿ. ಪ್ರತಿ ಮಂಡನೆಯಲ್ಲೂ ಎದ್ದು ನಿಂತು ಪ್ರಬಂಧವನ್ನು ಹಿಂಜಿ ಹತ್ತಿ ಮಾಡುತ್ತಿದ್ದರು. ಗುಪ್ತಮತ ತೆರೆದಾಗ ಪ್ರತಿ ಸಲವೂ ಒಂದು ವಿರುದ್ಧ ಮತ ಇರುತ್ತಿತ್ತು, ಒಂದೇ ಒಂದು. ಅದು ಯಾರದೆಂದು ಕಸ ಗುಡಿಸುವ ಹೆಂಗಸಿಗೂ ಗೊತ್ತು. ಎಣಿಸುವವರು ಅದನ್ನು ದೃಷ್ಟಿಬೊಟ್ಟು ಎಂದು ನಗುತ್ತಿದ್ದರು. ದೋಮ್ಲಾ ಮಾತ್ರ ಆ ಒಂದು ಮತವನ್ನು ತಮ್ಮ ಆಯುಷ್ಯದ ಸಂಪಾದನೆ ಎಂದೇ ತಿಳಿದಿದ್ದರು. ಅನ್ನಿಸಿದ್ದನ್ನು ಬಾಯಲ್ಲೂ ಹೇಳಿ ಚೀಟಿಯಲ್ಲೂ ಹೇಳುವವನು ಈ ಕಟ್ಟಡದಲ್ಲಿ ತಾನೊಬ್ಬನೇ ಎಂಬ ಗರ್ವ ಅವರಿಗಿತ್ತು, ಅದು ಸುಳ್ಳೂ ಆಗಿರಲಿಲ್ಲ.

ಮಂಡಲಿಯ ಉಳಿದವರ ಬಗ್ಗೆ ಅವರಿಗೆ ಇದ್ದದ್ದು ಕೋಪವಲ್ಲ, ತಾತ್ಸಾರ. ಕೋಪ ಮಾಡಿಕೊಳ್ಳಲು ಎದುರಿಗಿರುವವನಲ್ಲಿ ಏನಾದರೂ ತಿರುಳಿರಬೇಕಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇವರು. ಒಬ್ಬ ಜೀವಮಾನವಿಡೀ ಒಂದೇ ತೊಲೆಯ ಮೇಲೆ ಬದುಕಿದವನು. ಹರೆಯದಲ್ಲಿ ತೊಲೆಯ ನಡುವೆ ಭಾರ ಇಟ್ಟು ಲೇಖನ ಬರೆದ, ನಡುವಯಸ್ಸಿನಲ್ಲಿ ಭಾರವನ್ನು ತುದಿಗೆ ಸರಿಸಿ ಬರೆದ, ಈಗ ಭಾರವನ್ನು ಅಲುಗಾಡಿಸಿ ಬರೆಯುತ್ತಿದ್ದಾನೆ. ಇನ್ನೊಬ್ಬನಿಗೆ ಒಬ್ಬನೇ ಒಂದು ಲೇಖನ ಬರೆದ ನೆನಪಿಲ್ಲ, ಪ್ರತಿಯೊಂದರಲ್ಲೂ ಆರನೆಯ ಹೆಸರು ಅವನದು. ಹೊಸಬರಂತೂ ಎಲ್ಲರೂ ಬಣ್ಣ ಬಳಿಯುವವರು. ದೋಮ್ಲಾ ಹುಡುಗರಾಗಿದ್ದಾಗ ವಸ್ತುವಿನೊಳಗಿನ ಒತ್ತಡ ನೋಡಬೇಕೆಂದರೆ ರಾಳದಲ್ಲಿ ಮಾದರಿ ಎರಕ ಹೊಯ್ದು, ಅದಕ್ಕೆ ಭಾರ ಹೇರಿ, ಧ್ರುವೀಕರಿಸಿದ ಬೆಳಕು ಹಾಯಿಸಬೇಕಿತ್ತು. ಆಗ ರಾಳದ ಹೊಟ್ಟೆಯೊಳಗೇ ಬಣ್ಣದ ಪಟ್ಟೆಗಳು ಏಳುತ್ತಿದ್ದವು. ಎರಕ ಕೆಟ್ಟರೆ ಬಣ್ಣವೂ ಕೆಟ್ಟು ಬೈಗುಳ ತಿನ್ನಬೇಕಾಗುತ್ತಿತ್ತು. ಈಗ ಕಂಪ್ಯೂಟರಿನ ಗುಂಡಿ ಒತ್ತಿದರೆ ಮೂರ್ಖನಿಗೂ ಕೆಂಪು, ಹಳದಿ, ನೀಲಿ ಬರುತ್ತದೆ, ಮೂರ್ಖನಿಗೆ ಇನ್ನೂ ಚೆನ್ನಾಗಿ ಬರುತ್ತದೆ.

ಆ ಶರತ್ಕಾಲದಲ್ಲಿ ಡಾಕ್ಟರಾಗಲು ಹೊರಟವನು ಶೋಕಿರ್ ತುರೋಬೋವ್. ಒಂದು ಕಾಲದಲ್ಲಿ ದೋಮ್ಲಾರ ಶಿಷ್ಯ. ಮಾದರಿಯ ಮೇಲೆ ಅಂಟಿಸದೇ ಇದ್ದ, ಒತ್ತಡ ತೋರಿಸುವ ಅಳತೆಪಟ್ಟಿಯಿಂದ ಅಂಕಿಗಳನ್ನು ಬರೆದುಕೊಂಡು ಬಂದಿದ್ದಕ್ಕೆ ದೋಮ್ಲಾ ಅವನನ್ನು ಪ್ರಯೋಗಶಾಲೆಯಿಂದ ಹೊರಗೆ ಹಾಕಿದ್ದರು. ಅಳತೆ ಮಾಡದೆ ಅಂಕಿ ಬರೆಯಬಲ್ಲವನಿಗೆ ಸಂಶೋಧನೆಯಲ್ಲಿ ಜಾಗವಿಲ್ಲದಿದ್ದರೇನು, ಸರ್ಕಾರದಲ್ಲಿ ಇದ್ದೇ ಇದೆ. ತುರೋಬೋವ್ ಕಟ್ಟಡಗಳ ಇಲಾಖೆಯೊಂದನ್ನು ಹೊಕ್ಕು ಏಣಿಯ ಮೆಟ್ಟಿಲು ಒಂದೂ ಬಿಡದೆ ಹತ್ತಿದ. ಈಗ ಸಂಸ್ಥೆಗೆ ಬರುವ ಕೆಲಸಗಳಲ್ಲಿ ಮುಕ್ಕಾಲು ಪಾಲು ಅವನ ಮೇಜಿನ ಮೇಲಿಂದಲೇ ಬರಬೇಕು. ಕಾರು, ಬಂಗಲೆ, ಚಿನ್ನದ ಹಲ್ಲು ಎಲ್ಲ ಆದ ಮೇಲೆ ಹೆಸರಿನ ಹಿಂದೆ ‘ವಿಜ್ಞಾನಗಳ ಡಾಕ್ಟರ್’ ಅಂತ ಒಂದು ಬಾಲ ಬೇಕೆನ್ನಿಸಿತ್ತು.

ಪ್ರಬಂಧ ಒಂದು ಅಣೆಕಟ್ಟಿನ ಬಗ್ಗೆ. ಅಣೆಕಟ್ಟಿನ ಹೊಟ್ಟೆಯೊಳಗೆ ಆಳು ನಡೆದಾಡುವಷ್ಟು ಸುರಂಗದಾರಿ ಇರುತ್ತದೆ, ಅದಕ್ಕೆ ನಾಲ್ಕು ಮೂಲೆ. ತುರೋಬೋವನ ಹುಡುಗರು ಕಾಂಕ್ರೀಟನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ ಒಂದೊಂದು ತುಂಡಿನ ಒತ್ತಡ ಲೆಕ್ಕ ಹಾಕಿದ್ದರು. ತುಂಡು ಸಣ್ಣದು ಮಾಡಿದಷ್ಟೂ ಮೂಲೆಯಲ್ಲಿ ಒತ್ತಡದ ಅಂಕಿ ಏರಿತು. ಇನ್ನೂ ಸಣ್ಣದು ಮಾಡಿದರು, ಇನ್ನೂ ಏರಿತು. ಈ ಕಸುಬಿಗೆ ಇಳಿದ ಮೊದಲ ವರ್ಷದ ಹುಡುಗನಿಗೂ ಇದರ ಕಾರಣ ಗೊತ್ತು. ಕಾಗದದ ಮೇಲೆ ಮೂಲೆಯನ್ನು ಕತ್ತಿಯಂಚಿನ ಹಾಗೆ ಚೂಪಾಗಿ ಬರೆದರೆ ಅಲ್ಲಿ ಲೆಕ್ಕಕ್ಕೆ ತಳವೇ ಇಲ್ಲ, ಅಂಕಿ ಏರುತ್ತಲೇ ಹೋಗುತ್ತದೆ. ನಿಜವಾದ ಕಾಂಕ್ರೀಟಿನಲ್ಲಿ ಅಂಥ ಚೂಪು ಮೂಲೆ ಇರುವುದಿಲ್ಲ. ಇದ್ದರೂ ಅಲ್ಲೊಂದು ಕೂದಲೆಳೆಯ ಬಿರುಕು ಬಿಟ್ಟು ಒತ್ತಡ ಇಳಿಯುತ್ತದೆ. ಆದರೆ ತುರೋಬೋವ್ ಇದನ್ನು ಕಾಂಕ್ರೀಟಿನೊಳಗೆ ಯಾರೂ ಈವರೆಗೆ ಕಾಣದ ಗೂಢಶಕ್ತಿ ಎಂದು ಬರೆದು, ಅದಕ್ಕೊಂದು ಸೂತ್ರ ಕಟ್ಟಿ, ‘ತುರೋಬೋವ್ ಪರಿಣಾಮ’ ಎಂದು ನಾಮಕರಣವನ್ನೂ ಮುಗಿಸಿದ್ದ. ತಳವಿಲ್ಲದ ಬಾವಿಗೆ ಹಗ್ಗ ಬಿಟ್ಟು, ಹಗ್ಗ ಮುಗಿದ ಕಡೆ ತನ್ನ ಹೆಸರಿನ ಕಲ್ಲು ನೆಟ್ಟ ಹಾಗೆ. ಪ್ರಬಂಧ ಓದಿ ದೋಮ್ಲಾ ಒಬ್ಬರೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಂಥ ಪುಷ್ಕಳ ಭೋಜನ ಅವರಿಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ.

ತಾತ್ಸಾರದ ಈ ಮರುಭೂಮಿಯಲ್ಲಿ ದೋಮ್ಲಾರಿಗೆ ಒಂದೇ ಒಂದು ಹಸಿರು ಗಿಡ ಇತ್ತು, ಮುಹಯ್ಯೋ. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ. ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ ಭೂಕಂಪದ ಹಾಗೆ ಅಲುಗುವ ಮೇಜೊಂದಿದೆ. ಅದರ ಮೇಲೆ ಇಟ್ಟಿಗೆಯ ಗೋಡೆ ಕಟ್ಟುವುದು, ಗೋಡೆಯ ಕಿಟಕಿಯ ಮೂಲೆಗಳಿಗೆ ಅಳತೆಪಟ್ಟಿ ಅಂಟಿಸುವುದು, ಮೇಜು ಅಲುಗಿಸಿ ಗೋಡೆ ಬಿರಿಯುವುದನ್ನು ನೋಡುವುದು, ಮತ್ತೆ ಕಟ್ಟುವುದು, ಇದೇ ಅವಳ ಸಂಶೋಧನೆ. ಚಳಿಗಾಲದಲ್ಲಿ ಅಂಟು ಹಿಡಿಯಲೆಂದು ಇಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಕೂತವಳು. ಮೂಲೆಯಲ್ಲಿ ಒತ್ತಡ ಏರುತ್ತದೆ, ಸಣ್ಣ ಬಿರುಕು ಬಿಡುತ್ತದೆ, ಆಮೇಲೆ ಇಳಿಯುತ್ತದೆ. ಎಷ್ಟರಲ್ಲಿ, ಹೇಗೆ, ಮೂಲೆಯನ್ನು ಎಷ್ಟು ದುಂಡಗೆ ಮಾಡಿದರೆ ಮನೆ ಉಳಿಯುತ್ತದೆ ಎಂದು ಅವಳು ಗೋಡೆ ಮುರಿದು ಮುರಿದು ಕಂಡುಕೊಂಡಿದ್ದಳು. ತುರೋಬೋವನ ಪರಿಣಾಮ ನಿಜವಾಗಿದ್ದರೆ ಅವಳ ಒಂದು ಗೋಡೆಯೂ ಇಟ್ಟಿಗೆ ಮೇಲೆ ಇಟ್ಟಿಗೆ ನಿಲ್ಲಬಾರದಿತ್ತು.

ಅವಳ ಮಂಡನೆ ತುರೋಬೋವನದಾದ ಮುಂದಿನ ತಿಂಗಳು, ಅದೇ ಮಂಡಲಿಯ ಮುಂದೆ. ದೋಮ್ಲಾ ನಿವೃತ್ತಿಯ ವಯಸ್ಸು ದಾಟಿ ಕೂತಿದ್ದರು. ಅವರ ನಂತರ ನೆಲಮಾಳಿಗೆಗೆ ಡಾಕ್ಟರ್ ಪದವಿಯವರೊಬ್ಬರು ಮುಖ್ಯಸ್ಥರಾಗದಿದ್ದರೆ ಅಲುಗುವ ಮೇಜನ್ನು ಬಿಚ್ಚಿ ಮಾರಿ ಆ ಜಾಗವನ್ನು ಉಗ್ರಾಣ ಮಾಡುವುದು ಆಗಲೇ ಮಾತಾಗಿತ್ತು. ಅವಳಿಗೆ ಪದವಿ ಬಂದರೆ ಪ್ರಯೋಗಶಾಲೆ ಉಳಿಯುತ್ತದೆ, ಬರದಿದ್ದರೆ ಅವಳೂ ಇಲ್ಲ, ಅದೂ ಇಲ್ಲ. ದೋಮ್ಲಾ ಅವಳಿಗೆ ಒಂದು ದಿನವೂ ಭೇಷ್ ಎಂದವರಲ್ಲ. ಆದರೆ ಅವಳ ಪ್ರಬಂಧದ ಕೊನೆಯ ಅಧ್ಯಾಯ ಓದಿ ಕೆಳಗಿಟ್ಟ ದಿನ, ಇದಕ್ಕೆ ನಾನು ಪರವಾಗಿ ಮತ ಹಾಕುತ್ತೇನೆ ಎಂದಿದ್ದರು. ಮುಹಯ್ಯೋ ಹೊರಗೆ ಹೋಗಿ, ಚಿನಾರ್ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದು ಬಂದಳು. ಅವಳ ಅಮ್ಮ ತೀರಿಹೋದಾಗಲೂ ಅವಳು ಹಾಗೆ ಕೆಲಸ ಬಿಟ್ಟು ಎದ್ದವಳಲ್ಲ.

ತುರೋಬೋವನ ಮಂಡನೆಯ ಹಿಂದಿನ ದಿನ ಸಂಸ್ಥೆಯ ನಿರ್ದೇಶಕ ಜಾಲೋಲ್, ಮಂಡಲಿಯ ಅಧ್ಯಕ್ಷನೂ ಅವನೇ, ದೋಮ್ಲಾರ ಕೋಣೆಗೆ ತಾನೇ ಬಂದ. ಜೊತೆಗೆ ಬಿಸಿ ನಾನ್ ರೊಟ್ಟಿ, ಒಣದ್ರಾಕ್ಷಿ. ತಾನೇ ಹಸಿರು ಚಹಾ ಬಗ್ಗಿಸಿ, ಎದೆಯ ಮೇಲೆ ಕೈಯಿಟ್ಟು ಪಿಯಾಲೆ ಬಟ್ಟಲನ್ನು ಮುಂದೆ ಮಾಡಿದ. ಮೊಮ್ಮಕ್ಕಳ ಆರೋಗ್ಯ, ಮೊಣಕಾಲಿನ ನೋವು, ಈ ಸಲದ ಕರಬೂಜ, ಎಲ್ಲ ವಿಚಾರಿಸಿದ. ಜಾಲೋಲ್ ಒಣದ್ರಾಕ್ಷಿ ತಂದನೆಂದರೆ ಹೊಟ್ಟೆಯಲ್ಲಿ ಏನೋ ಇದೆ ಎಂದು ದೋಮ್ಲಾರಿಗೆ ಗೊತ್ತಿಲ್ಲವೇ.

“ನಾಳೆ ನೀವು ಬೈಯ್ಯಿರಿ ಅಕಾ, ಬೇಡ ಅನ್ನಲ್ಲ” ಎಂದ ಜಾಲೋಲ್ ಕೊನೆಗೆ, ಅಣ್ಣಾ ಎನ್ನುವ ಸಲುಗೆಯಲ್ಲಿ. “ಮನಸ್ಸಿಗೆ ಬಂದಷ್ಟು ಬೈಯ್ಯಿರಿ. ನೀವು ಬೈಲಿಲ್ಲ ಅಂದ್ರೆ ಜನಕ್ಕೇ ಅನುಮಾನ ಬರುತ್ತೆ.”

“ನಿಮ್ಮ ಅಪ್ಪಣೆ ಬೇಕಿತ್ತೇನು ಜಾಲೋಲ್‌ಜಾನ್, ಅದಕ್ಕೆ?”

“ಅಯ್ಯೋ, ನಾನ್ಯಾರು ಅಪ್ಪಣೆ ಕೊಡೋಕೆ. ಆದ್ರೆ ಆ ಚೀಟಿ ವಿಚಾರ ಒಂದಿದೆ. ಪ್ರತಿ ಸಲ ಒಂದು ವಿರುದ್ಧ ಬೀಳುತ್ತೆ, ನಾವು ತಡ್ಕೊಂಡಿದ್ದೀವಿ. ಶೋಕಿರ್ ಅಕಾ ತಡ್ಕೊಳ್ಳೋ ಆಸಾಮಿ ಅಲ್ಲ. ಒಂದೂ ವಿರುದ್ಧ ಇರಬಾರ್ದು ಅಂದಿದ್ದಾರೆ.” ಜಾಲೋಲ್ ರೊಟ್ಟಿಯ ಚೂರನ್ನು ಚಹಾದಲ್ಲಿ ಅದ್ದಿದ. “ಮುಂದಿನ ತಿಂಗಳು ನಮ್ಮ ಮುಹಯ್ಯೋದು. ಪಾಪ, ಬಡಪಾಯಿ, ಎಷ್ಟು ದುಡಿದಿದ್ದಾಳೆ. ಅವತ್ತೂ ಕೂರೋರು ಇದೇ ಜನ ಅಕಾ. ನಾಳೆ ಒಂದು ಬಿದ್ರೆ ಅವತ್ತು ಎಷ್ಟು ಬೀಳುತ್ತೆ ಅಂತ ನಾನು ಹೇಳೋ ಹಾಗಿಲ್ಲ.”

ದೋಮ್ಲಾ ಅವನನ್ನು ಕೂತ ಕಡೆಯಿಂದಲೇ ಬಾಗಿಲಿನವರೆಗೆ ನೋಟದಲ್ಲಿ ದೂಡಿದರು. ಅವನು ಹೋದ ಮೇಲೆ ಒಣದ್ರಾಕ್ಷಿಯನ್ನು ಕಿಟಕಿಯಿಂದ ಹೊರಗೆ, ಗುಬ್ಬಚ್ಚಿಗಳಿಗೆ ಎರಚಿದರು. ಥೂ, ಇಂಥವನು ನಿರ್ದೇಶಕ. ತೊಲೆ ಎಲ್ಲಿ ಮುರಿಯುತ್ತದೆ ಎಂದು ಅವನಿಗೆ ಗೊತ್ತಿಲ್ಲ, ಮನುಷ್ಯ ಎಲ್ಲಿ ಮುರಿಯುತ್ತಾನೆ ಎಂದು ಮಾತ್ರ ಚೆನ್ನಾಗಿ ಗೊತ್ತು. ತಾವೇನೂ ಮುರಿಯುವ ಆಸಾಮಿಯಲ್ಲ ಎಂದು ದೋಮ್ಲಾರಿಗೆ ಧೈರ್ಯವಿತ್ತು.

ಮರುದಿನ ಸಭಾಂಗಣ ತುಂಬಿತ್ತು. ತುರೋಬೋವನ ಇಲಾಖೆಯವರೇ ನಾಲ್ಕು ಸಾಲು ಕೂತು, ಅರ್ಥವಾಗದ ಕಡೆಯೆಲ್ಲ ತಲೆದೂಗುತ್ತಿದ್ದರು, ಅಂದರೆ ಎಲ್ಲ ಕಡೆ. ತುರೋಬೋವ್ ಕಡುನೀಲಿ ಸೂಟಿನಲ್ಲಿ ಬಂದು, ಗೋಡೆಯಗಲದ ಚಿತ್ರ ಹಾಕಿ, ಕೆಂಪಗೆ ಹೊಳೆಯುವ ಮೂಲೆಯ ಮೇಲೆ ಕಡ್ಡಿಯಿಟ್ಟು, ಹುಡುಗರು ಬರೆದುಕೊಟ್ಟದ್ದನ್ನು ಓದಿದ. ಒಂದೆರಡು ಕಡೆ ಹುಡುಗರ ಅಕ್ಷರ ತಿಳಿಯದೆ ಕೆಮ್ಮಿದ. ಕಿಟಕಿಯಿಂದ ಕುರಿಬಾಲದ ಕೊಬ್ಬು ಕರಗುವ ವಾಸನೆ ಬಂದು, ಮಂಡಲಿಯ ಸದಸ್ಯರೆಲ್ಲ ಕುರ್ಚಿಯಲ್ಲಿ ಮಿಸುಕಾಡಿದರು. ಹಿಂದಿನ ಸಾಲಿನ ಮೂಲೆಯಲ್ಲಿ, ಕೈಗೆ ಹತ್ತಿದ ಅಂಟನ್ನು ಉಗುರಿನಿಂದ ಕೆರೆಯುತ್ತ ಮುಹಯ್ಯೋ ಕೂತಿದ್ದಳು.

ಪ್ರಶ್ನೆಗಳ ಸರದಿ ಬಂದಾಗ ದೋಮ್ಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಯಾರದೋ ಗ್ರಹಚಾರ ಕೆಟ್ಟಿತು ಎಂದು ಲೆಕ್ಕ.

“ಶೋಕಿರ್, ಆ ಮೂಲೆ ಹತ್ರ ಇರೋ ತುಂಡನ್ನ ಅರ್ಧ ಮಾಡಿದ್ರೆ ಏನಾಗುತ್ತೆ?”

“ಒತ್ತಡ ಹೆಚ್ಚುತ್ತೆ ದೋಮ್ಲಾ.”

“ಆ ಅರ್ಧಾನ ಮತ್ತೆ ಅರ್ಧ ಮಾಡಿದ್ರೆ?”

“ಇನ್ನೂ ಹೆಚ್ಚುತ್ತೆ.” ತುರೋಬೋವನ ಮುಖ ಅರಳಿತು. ಇಷ್ಟು ಸುಲಭದ ಪ್ರಶ್ನೆ ಬರಬಹುದೆಂದು ಅವನು ಎಣಿಸಿರಲಿಲ್ಲ.

“ಎಲ್ಲಿಗೆ ನಿಲ್ಲುತ್ತೆ?”

“ಅದೇ ದೋಮ್ಲಾ ನಮ್ಮ ಶೋಧನೆ. ನಿಲ್ಲೋದೇ ಇಲ್ಲ.”

“ಹಾಗಾದ್ರೆ ನೀನು ಎಲ್ಲಿ ನಿಲ್ಲಿಸ್ದೆ?”

ತುರೋಬೋವ್ ತನ್ನ ಹುಡುಗರ ಕಡೆ ನೋಡಿದ. ಹುಡುಗರು ನೆಲ ನೋಡಿದರು. “ಕಂಪ್ಯೂಟರು ನಿಂತ ಕಡೆ” ಎಂದ ಪ್ರಾಮಾಣಿಕವಾಗಿ.

“ಅಂದ್ರೆ ಅಣೆಕಟ್ಟಿನೊಳಗೆ ಎಷ್ಟು ಒತ್ತಡ ಇದೆ ಅನ್ನೋದು ನೀರಿನ ಮೇಲೂ ಇಲ್ಲ, ಕಾಂಕ್ರೀಟಿನ ಮೇಲೂ ಇಲ್ಲ, ನಿಮ್ಮ ಇಲಾಖೆ ಕಂಪ್ಯೂಟರಿನ ಮೇಲಿದೆ. ದಯವಿಟ್ಟು ಹೊಸದು ಕೊಂಡ್ಕೋಬೇಡಪ್ಪ. ಕೊಂಡ್ಕೊಂಡ ದಿನ ಅಣೆಕಟ್ಟು ಒಡೆದುಹೋಗುತ್ತೆ.”

ಸಭೆ ಗೊಳ್ಳೆಂದಿತು. ತೊಲೆಯ ಪ್ರೊಫೆಸರ್ ಕೂಡ ನಕ್ಕ. ಆರನೆಯ ಹೆಸರಿನವನು ಕರವಸ್ತ್ರ ಬಾಯಿಗೆ ಒತ್ತಿಕೊಂಡ. ಇಲಾಖೆಯ ನಾಲ್ಕು ಸಾಲಿನಲ್ಲಿಯೂ ಅಲ್ಲಲ್ಲಿ ಭುಜ ಕುಲುಕಿತು. ದೋಮ್ಲಾ ಅಷ್ಟಕ್ಕೆ ಬಿಡಲಿಲ್ಲ. ಕಪ್ಪುಹಲಗೆಯ ಹತ್ತಿರ ಹೋಗಿ, ನೂರು ವರ್ಷದಿಂದ ಪಾಠಪುಸ್ತಕದಲ್ಲಿರುವ ಲೆಕ್ಕವನ್ನು ಆರು ಸಾಲಿನಲ್ಲಿ ಬರೆದು, ಈ ಪರಿಣಾಮಕ್ಕೆ ತಂದೆ ಬೇಕಿದ್ದರೆ ತುರೋಬೋವ್ ತಡವಾಗಿ ಬಂದಿದ್ದಾನೆ ಎಂದರು. ನಿಜವಾದ ಮೂಲೆ ಏನು ಮಾಡುತ್ತದೆಂದು ನೋಡಬೇಕಾದವರು ಈ ಕಟ್ಟಡದ ನೆಲಮಾಳಿಗೆಗೆ ಇಳಿದು ನೋಡಬಹುದು, ಮೆಟ್ಟಿಲು ಇಳಿಯುವಷ್ಟು ಹೊಟ್ಟೆ ಕರಗಿಸಿಕೊಂಡರೆ, ಎಂದರು. ತುರೋಬೋವ್ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಹಿಂದಿನ ಸಾಲಿನಲ್ಲಿ ಮುಹಯ್ಯೋ ತಲೆಯೆತ್ತಿ ತನ್ನ ಗುರುವನ್ನು ನೋಡುತ್ತಿದ್ದಳು. ದೋಮ್ಲಾ ಅಷ್ಟು ಚೆನ್ನಾಗಿ ಹಿಂದೆಂದೂ ಮಾತಾಡಿರಲಿಲ್ಲ.

ಆಮೇಲೆ ಮತದಾನ. ಸಭಾಂಗಣದ ಮೂಲೆಯಲ್ಲಿ ಹಸಿರು ಪರದೆ, ಅದರ ಹಿಂದೆ ಒಂದು ಮೇಜು, ಒಂದು ಪೆನ್ನು. ಚೀಟಿಯಲ್ಲಿ ‘ಅರ್ಹ’, ‘ಅನರ್ಹ’ ಎಂದು ಎರಡು ಪದ. ಬೇಡದ್ದನ್ನು ಹೊಡೆದುಹಾಕಬೇಕು. ಸದಸ್ಯರು ಒಬ್ಬೊಬ್ಬರಾಗಿ ಹೋಗಿ ಮೂತ್ರಕ್ಕೆ ಹೋದವರಷ್ಟೇ ಹೊತ್ತಿನಲ್ಲಿ ಹೊರಗೆ ಬಂದರು. ದೋಮ್ಲಾರ ಸರದಿ ಬಂತು.

ಪೆನ್ನು ಹಿಡಿದಾಗ ಅವರ ಕೈ ಅಭ್ಯಾಸಬಲದಿಂದ ‘ಅರ್ಹ’ದ ಮೇಲೆ ಹೋಯಿತು. ಅಲ್ಲೇ ನಿಂತಿತು. ಈ ಜನ ಇವತ್ತು ನಕ್ಕರಲ್ಲ ಎಂದು ಯೋಚನೆ ಬಂತು. ಹಾಗೆ ನಕ್ಕವರು ಕೈಯಾರೆ ಪರವಾಗಿ ಮತ ಹಾಕಿಯಾರೆ? ಎಲ್ಲರೂ ಅಲ್ಲದಿದ್ದರೆ ಇಬ್ಬರು ಮೂವರಾದರೂ ವಿರುದ್ಧ ಹಾಕಿರುತ್ತಾರೆ. ಹಾಗಿದ್ದ ಮೇಲೆ ತನ್ನದೊಂದು ಬೇಕಿಲ್ಲ. ವಿರುದ್ಧದವು ಹೇಗೂ ಇರುತ್ತವೆ, ಯಾರವೆಂದು ಜಾಲೋಲನಿಗೆ ಗೊತ್ತಾಗುವುದಿಲ್ಲ, ನೆಲಮಾಳಿಗೆಯವಳ ಮೇಲೆ ಹಗೆ ಸಾಧಿಸಲು ದಾರಿ ಇರುವುದಿಲ್ಲ. ಹೇಳಬೇಕಾದ್ದನ್ನು ಎಲ್ಲರೆದುರು ಹೇಳಿಯಾಗಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಈ ತರ್ಕ ಅವರಿಗೆ ಬಹಳ ಗಟ್ಟಿಯಾಗಿ ಕಂಡಿತು. ಆಯುಷ್ಯವಿಡೀ ಯಾರಿಗೆ ಬೆನ್ನುಮೂಳೆ ಇಲ್ಲವೆಂದು ಹೀಗಳೆದಿದ್ದರೋ ಅವರ ಬೆನ್ನುಮೂಳೆಗೇ ಒರಗಲು ಹೊರಟಿದ್ದೇನೆಂದು ಆ ಕ್ಷಣ ಅವರಿಗೆ ಹೊಳೆಯಲಿಲ್ಲ. ‘ಅನರ್ಹ’ ಎಂಬುದನ್ನು ಹೊಡೆದುಹಾಕಿ, ಚೀಟಿ ಮಡಚಿ, ಪೆಟ್ಟಿಗೆಗೆ ಹಾಕಿ ಬಂದು ಕೂತರು.

ಜಾಲೋಲ್ ಫಲಿತಾಂಶ ಓದಿದ. ಎಲ್ಲ ಮತಗಳೂ ಪರವಾಗಿ ಬಿದ್ದಿದ್ದವು. ವಿರುದ್ಧ ಒಂದೂ ಇಲ್ಲ, ಅಸಿಂಧುವಾದದ್ದು ಒಂದೂ ಇಲ್ಲ.

ಆ ಸಂಸ್ಥೆಯಲ್ಲಿ ಅಂಥ ಫಲಿತಾಂಶವನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಎಲ್ಲರ ಮುಖಗಳೂ, ಹೇಳಿಕೊಟ್ಟ ಹಾಗೆ, ದೋಮ್ಲಾರ ಕಡೆ ತಿರುಗಿದವು. ಚಪ್ಪಾಳೆ ಬಿದ್ದದ್ದು ತುರೋಬೋವನಿಗೆ, ನೋಡುತ್ತಿದ್ದದ್ದು ಇವರನ್ನು. ತೊಲೆಯ ಪ್ರೊಫೆಸರ್ ಪಕ್ಕದಿಂದ ಕೈ ಚಾಚಿ ಅವರ ಮಂಡಿಯನ್ನು ಮೆಲ್ಲನೆ ತಟ್ಟಿದ. ಅದರಲ್ಲಿ ಕುಹಕವಿರಲಿಲ್ಲ. ಬಹಳ ದಿನ ಮನೆ ಬಿಟ್ಟು ಹೋದ ಅಣ್ಣ ವಾಪಸು ಬಂದಾಗ ತಟ್ಟುವ ಹಾಗೆ ತಟ್ಟಿದ. ದೋಮ್ಲಾ ಹಿಂದಕ್ಕೆ ತಿರುಗಿ ನೋಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂತವಳಿಗೂ ಲೆಕ್ಕ ಬರುತ್ತದೆ.

ಎದ್ದು ಹೋಗಬೇಕೆಂದುಕೊಂಡರು. ಆದರೆ ಜಾಲೋಲ್ ಒಂದು ತೋಳು, ತುರೋಬೋವನ ಕಡೆಯವನೊಬ್ಬ ಇನ್ನೊಂದು ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದರು. ವಯಸ್ಸಾದವರನ್ನು ಹಾಗೆ ಕೈಹಿಡಿದು ನಡೆಸುವುದು ಮರ್ಯಾದೆ, ಕೊಸರಿಕೊಂಡರೆ ಅಸಭ್ಯತನ. ಎತ್ತರದ ಮಂಚದ ಮೇಲೆ, ಬಾಗಿಲಿಗೆ ದೂರದ ಗೌರವದ ಜಾಗದಲ್ಲಿ ಕೂರಿಸಿದರು. ಹೊಸ ಡಾಕ್ಟರಿಗೆ ಹೊದಿಸಲು ತಂದಿದ್ದ ಪಟ್ಟೆಪಟ್ಟೆಯ ರೇಷ್ಮೆ ಚಪಾನ್ ನಿಲುವಂಗಿಗಳಲ್ಲಿ ಒಂದನ್ನು ತುರೋಬೋವ್ ತಾನೇ ತಂದು, ಎರಡು ಕೈಯಲ್ಲಿ ಬಿಚ್ಚಿ, ದೋಮ್ಲಾರ ಹೆಗಲಿಗೆ ಹೊದಿಸಿ, ನಡುವಿಗೆ ವಸ್ತ್ರ ಕಟ್ಟಿದ. ದೋಮ್ಲಾರ ಕೈ ಏಳಲಿಲ್ಲ. ಓಶ್‌ನ ತಟ್ಟೆ ಬಂತು. ಮೇಲೆ ಕೊಬ್ಬು ಹೊಳೆಯುವ ಮಾಂಸದ ದೊಡ್ಡ ತುಂಡು, ಬೆಂದ ಬೆಳ್ಳುಳ್ಳಿ ಗಡ್ಡೆ, ಎಲ್ಲ ಅವರ ಕಡೆಗೆ ತಿರುಗಿಸಿ ಇಟ್ಟರು.

ತುರೋಬೋವ್ ಪಿಯಾಲೆ ಹಿಡಿದು ಎದ್ದ. ಮೇಲೆ ಸಭಾಂಗಣದಲ್ಲಿ ಬೆವರುತ್ತಿದ್ದವನು ಇವನೇನಾ ಎನ್ನಿಸುವಷ್ಟು ನಿರಾಳವಾಗಿದ್ದ. ಹುಡುಗರು ಬರೆದುಕೊಡದೆ ಅವನು ಆ ದಿನ ಆಡಿದ ಮಾತು ಇದೊಂದೇ.

“ದೋಮ್ಲಾ ಇವತ್ತು ನನ್ನ ಚರ್ಮ ಸುಲಿದ್ರು. ಸುಲೀಲಿ, ನಮ್ಮ ಗುರುಗಳು, ಅವರಿಗೆ ಹಕ್ಕಿದೆ. ಇಲ್ಲಿಂದ ಎಷ್ಟೋ ಜನ ಡಾಕ್ಟರಾದ್ರು. ಪದವಿ ಖಾಯಂ ಮಾಡೋ ಮೇಲಿನ ಆಯೋಗದಲ್ಲಿ ಆ ಕಡತಗಳನ್ನ ಯಾರೂ ಓದಲ್ಲ, ನನಗೆ ಗೊತ್ತು, ನಾನೂ ಅಲ್ಲಿ ಹೋಗಿ ಕೂರ್ತೀನಿ. ಎಲ್ಲರೂ ನೋಡೋದು ಒಂದೇ. ವಹೀದೋವ್ ದೋಮ್ಲಾ ಏನು ಮಾಡಿದ್ರು? ವಿರುದ್ಧ ಹಾಕಿದ್ರು, ಅಷ್ಟೇ ಬಿಡು, ಅವರು ಎಲ್ಲರಿಗೂ ಹಾಕ್ತಾರೆ. ಇವತ್ತು ಮೊದಲ್ನೇ ಸಲ ಅವರ ಮತ ಒಬ್ಬನಿಗೆ ಬಿದ್ದಿದೆ. ಅಷ್ಟು ಬೈದೂ ಬಿದ್ದಿದೆ. ಬೈಗುಳನೂ ಬರೆದಿಟ್ಟಿದ್ದಾರೆ, ಮತನೂ ಬರೆದಿಟ್ಟಿದ್ದಾರೆ. ಇನ್ನು ಈ ದೇಶದಲ್ಲಿ ನನ್ನ ಪರಿಣಾಮದ ಬಗ್ಗೆ ತುಟಿ ಬಿಚ್ಚೋನು ಯಾರು?”

ಹೌದು ಹೌದು ಎಂದವು ಕೋಲೆ ಬಸವಗಳೆಲ್ಲ. ಜಾಲೋಲ್ ಬಗ್ಗಿ ಮಾಂಸದಿಂದ ಒಳ್ಳೆಯ ಚೂರೊಂದನ್ನು ಬಿಡಿಸಿ, ಪದ್ಧತಿಯಂತೆ ತನ್ನ ಕೈಯಾರೆ ದೋಮ್ಲಾರ ಬಾಯಿಯ ಹತ್ತಿರ ಹಿಡಿದ. ಎಲ್ಲರೂ ನೋಡುತ್ತಿದ್ದರು. ದೋಮ್ಲಾ ಬಾಯಿ ತೆರೆದು ತಿಂದರು. ಮಾಂಸ ಚೆನ್ನಾಗಿ ಬೆಂದಿತ್ತು.

ಊಟ ಮುಗಿದು ಜನ ಕರಗುವಾಗ ಅವರು ಮೆಲ್ಲನೆ ಎದ್ದು ಕಟ್ಟಡದ ಹಿಂಬಾಗಿಲಿಗೆ ಬಂದರು. ನೆಲಮಾಳಿಗೆಯ ಮೆಟ್ಟಿಲ ಬಾಯಲ್ಲಿ ಮುಹಯ್ಯೋ ಇದ್ದಳು. ಎರಡು ಕೈಗೂ ಇಟ್ಟಿಗೆಯ ಧೂಳು, ಅಂದರೆ ಸಭೆ ಮುಗಿದದ್ದೇ ಕೆಳಗೆ ಹೋಗಿ ಕೆಲಸಕ್ಕೆ ಕೂತಿದ್ದಳು. ಅವಳು ದೋಮ್ಲಾರ ಮುಖ ನೋಡಿದಳು, ಮೈಮೇಲಿನ ಚಪಾನ್ ನೋಡಿದಳು.

ದೋಮ್ಲಾ ತಾವೇ ಶುರುಮಾಡಿದರು. ನಿನಗಾಗಿ ಮಾಡಿದೆ ಎಂದರು. ಜಾಲೋಲ್ ಬಂದು ಹೇಳಿದ್ದನ್ನು ಹೇಳಿದರು. ಬೇರೆಯವರು ವಿರುದ್ಧ ಹಾಕಿಯಾರು ಎಂದುಕೊಂಡಿದ್ದನ್ನೂ ಹೇಳಿದರು. ಇನ್ನು ನಿನ್ನದಕ್ಕೆ ಯಾರೂ ಅಡ್ಡ ಬರುವುದಿಲ್ಲ, ಪ್ರಯೋಗಶಾಲೆ ಉಳಿಯಿತು ಎಂದು ತಿಳಿ ಎಂದರು. ಜನ್ಮದಲ್ಲಿ ಯಾರಿಗೂ ಅಷ್ಟು ವಿವರವಾಗಿ ಸಮಜಾಯಿಷಿ ಕೊಟ್ಟವರಲ್ಲ, ಅದು ಅವರಿಗೆ ಬರುತ್ತಲೂ ಇರಲಿಲ್ಲ.

“ಉಳೀತು ದೋಮ್ಲಾ” ಎಂದಳು ಮುಹಯ್ಯೋ. “ಅವರು ನನಗೂ ಎಲ್ಲರೂ ಪರ ಹಾಕ್ತಾರೆ. ಮೂಲೇಲಿ ಒತ್ತಡ ನಿಲ್ಲಲ್ಲ ಅಂತ ಈ ತಿಂಗಳು ಹಾಕಿದ್ರು, ನಿಲ್ಲುತ್ತೆ ಅಂತ ಬರೋ ತಿಂಗಳು ಹಾಕ್ತಾರೆ. ಅವರಿಗೆ ಎರಡೂ ಒಂದೇ.”

“ನಾನೂ ಹಾಕ್ತೀನಲ್ಲ ಮಗಳೇ. ನಿಂಗೆ ಹೇಳಿದ್ನಲ್ಲ.”

ಅವಳು ಕೈಯ ಧೂಳನ್ನು ಲಂಗಕ್ಕೆ ಒರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ದೋಮ್ಲಾ ತಕ್ಷಣ ಗುರುತಿಸಿದರು, ಜೀವಮಾನವಿಡೀ ಇನ್ನೊಬ್ಬರ ಮೇಲೆ ಅದನ್ನೇ ಸುರಿದವರಿಗೆ ಗುರುತು ಸಿಗದೆ ಇರುತ್ತದೆಯೇ.

“ಬೇಡ ದೋಮ್ಲಾ. ನಂಗೊಂದು ಉಪಕಾರ ಮಾಡಿ. ಅವತ್ತು ನೀವು ವಿರುದ್ಧ ಹಾಕಿ. ನಾನೂ ತುರೋಬೋವೂ ಒಂದೇ ಅಲ್ಲ ಅಂತ ನಂಗಾದ್ರೂ ಗೊತ್ತಿರಲಿ.”

ಅಷ್ಟು ಹೇಳಿ ಅವಳು ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ ನೆಲಮಾಳಿಗೆಯ ಮೇಜು ಅಲುಗತೊಡಗಿತು, ಹಿಂಬಾಗಿಲ ಗಾಜು ಗಡಗಡ ಎಂದಿತು. ದೋಮ್ಲಾ ನಡುವಿಗೆ ಕಟ್ಟಿದ್ದ ವಸ್ತ್ರದ ಗಂಟು ಬಿಚ್ಚಲು ನೋಡಿದರು. ಬೆರಳಿಗೆಲ್ಲ ಕೊಬ್ಬಿನ ಜಿಡ್ಡು ಅಂಟಿತ್ತು, ಗಂಟು ಜಾರಿ ಜಾರಿ ಹೋಗುತ್ತಿತ್ತು.